ಫೈಬರ್ ಬಂತು, ಪಂಚಾಯಿತಿ ಬಾಗಿಲವರೆಗೆ

2030ರ ಹೊತ್ತಿಗೆ ದೇಶದ 2.7 ಲಕ್ಷ ಹಳ್ಳಿಗಳಿಗೆ ಫೈಬರ್ ಇಂಟರ್ನೆಟ್, ಮನೆ ಬ್ರಾಡ್‌ಬ್ಯಾಂಡ್‌ಗೆ 100 ಎಂಬಿಪಿಎಸ್ ವೇಗ. ಇದು 2025ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕೊಟ್ಟ ಮಾತು. ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ಮಿಷನ್‌ನ ಎರಡನೇ ಆವೃತ್ತಿಯಂತೆ. ಒಳ್ಳೆಯದೇ, ಬರಲಿ. ಆದರೆ ನಮ್ಮೂರಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಈ ಸುದ್ದಿ ಹಾಕಿದ ಕೂಡಲೇ ಕೆಳಗೆ ಬಂದ ಮೊದಲ ಉತ್ತರ "ಇದು ಎಷ್ಟನೇ ಸಲ ಮಾರಾಯ್ರೆ?" ಅಂತ. ಅದಕ್ಕೆ ಹೆಬ್ಬೆರಳು ಒತ್ತಿದವರಲ್ಲಿ ನಾನೂ ಒಬ್ಬ.

ನಾನಿರುವುದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಒಂದು ಹಳ್ಳಿಯಲ್ಲಿ. ಸ್ವಲ್ಪ ಅಡಿಕೆ ತೋಟ ಇದೆ. ಅದರ ಜೊತೆ ಪೇಟೆಯ ಅಂಗಡಿಯವರ ಜಿಎಸ್‌ಟಿ ರಿಟರ್ನ್ ಹಾಕಿಕೊಡುವ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆ. ತಿಂಗಳ 11ನೇ ತಾರೀಕಿಗೆ ಒಂದು ಗಡುವು, 20ಕ್ಕೆ ಇನ್ನೊಂದು. ತಡ ಆದರೆ ದಿನಕ್ಕೆ 50 ರೂಪಾಯಿ ದಂಡ ಬೀಳುತ್ತದೆ. ನೆಟ್ ಇರಲಿಲ್ಲ ಸ್ವಾಮಿ ಅಂದರೆ ಪೋರ್ಟಲ್ ಕೇಳುವುದಿಲ್ಲ. ಹಾಗಾಗಿ ಮನೆಗೆ ಬರುವ ಇಂಟರ್ನೆಟ್ ನನಗೆ ರೀಲ್ಸ್ ನೋಡುವ ವಿಷಯ ಅಲ್ಲ, ಅನ್ನದ ವಿಷಯ. ಅದಕ್ಕೇ ಈ ಘೋಷಣೆಗಳನ್ನು ಸ್ವಲ್ಪ ಜಾಸ್ತಿಯೇ ಕಣ್ಣಿಟ್ಟು ಓದುತ್ತೇನೆ. ಓದಿ ಓದಿ ಒಂದು ವಿಷಯ ಗಮನಕ್ಕೆ ಬಂದಿದೆ. ಸರ್ಕಾರ ಹೇಳುವ ಸಂಖ್ಯೆಗಳು ಬಹುತೇಕ ಸುಳ್ಳಲ್ಲ. ಆದರೆ ಆ ಎಣಿಕೆ ಯಾವಾಗಲೂ ಮನೆಗಿಂತ ಸ್ವಲ್ಪ ದೂರದಲ್ಲೇ ನಿಂತುಬಿಡುತ್ತದೆ.

ಮೊದಲಿಂದ ಹೇಳುತ್ತೇನೆ.

2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲಕ್ಕೆ ಒಪ್ಪಿಗೆ ಕೊಟ್ಟಿತು. ಆಗ ಇದ್ದದ್ದು ಮನಮೋಹನ್ ಸಿಂಗ್ ಸರ್ಕಾರ. 20 ಸಾವಿರ ಕೋಟಿ ರೂಪಾಯಿ ಖರ್ಚು, ಎರಡು ವರ್ಷ ಸಮಯ, ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್, ಒಂದೊಂದಕ್ಕೂ 100 ಎಂಬಿಪಿಎಸ್. 2013 ಬಂತು, ಹೋಯಿತು. 2014ರಲ್ಲಿ ಸರ್ಕಾರ ಬದಲಾಯಿತು. 2015ರಲ್ಲಿ ಯೋಜನೆಯ ಹೆಸರು ಬದಲಾಗಿ ಭಾರತ್‌ನೆಟ್ ಆಯಿತು. ಮೊದಲ ಒಂದು ಲಕ್ಷ ಪಂಚಾಯಿತಿಗಳು ಮುಗಿದದ್ದು 2017ರ ಡಿಸೆಂಬರ್‌ಗೆ. ಉಳಿದದ್ದಕ್ಕೆ 2019ರ ಮಾರ್ಚ್ ಅಂದರು. ಒಟ್ಟು ಖರ್ಚಿನ ಅಂದಾಜು 42 ಸಾವಿರ ಕೋಟಿ ದಾಟಿತು. ಆ ಗಡುವೂ ಜಾರಿತು.

ಈ ನಡುವೆ 2018ರಲ್ಲಿ ಹೊಸ ಟೆಲಿಕಾಂ ನೀತಿ ಬಂತು, ರಾಷ್ಟ್ರೀಯ ಡಿಜಿಟಲ್ ಸಂಪರ್ಕ ನೀತಿ ಅಂತ. ಅದನ್ನು ಓದಿದರೆ ಖುಷಿಯಾಗುತ್ತದೆ, ಸುಳ್ಳಲ್ಲ. 2022ರೊಳಗೆ ಪ್ರತಿಯೊಬ್ಬ ಪ್ರಜೆಗೂ 50 ಎಂಬಿಪಿಎಸ್. ಪಂಚಾಯಿತಿಗಳಿಗೆ 2020ಕ್ಕೆ 1 ಜಿಬಿಪಿಎಸ್, ಅಂದರೆ 1000 ಎಂಬಿಪಿಎಸ್, 2022ಕ್ಕೆ 10 ಜಿಬಿಪಿಎಸ್. ಅರ್ಧದಷ್ಟು ಮನೆಗಳಿಗೆ ತಂತಿಯ ಬ್ರಾಡ್‌ಬ್ಯಾಂಡ್. ಒಂದು ಕೋಟಿ ಸಾರ್ವಜನಿಕ ವೈಫೈ ತಾಣ. ಮರುವರ್ಷ, 2019ರ ಡಿಸೆಂಬರ್‌ನಲ್ಲಿ, ಬ್ರಾಡ್‌ಬ್ಯಾಂಡ್ ಮಿಷನ್‌ನ ಮೊದಲ ಆವೃತ್ತಿ. 2022ಕ್ಕೆ ಎಲ್ಲ ಹಳ್ಳಿಗೂ ಬ್ರಾಡ್‌ಬ್ಯಾಂಡ್ ಅಂದರು.

ಆಮೇಲೆ 2020ರ ಆಗಸ್ಟ್ 15. ಕೆಂಪುಕೋಟೆಯ ಮೇಲಿಂದ ಪ್ರಧಾನಿ ನರೇಂದ್ರ ಮೋದಿ ಹೇಳಿದ್ದು, 1000 ದಿನದಲ್ಲಿ ದೇಶದ 6 ಲಕ್ಷಕ್ಕೂ ಹೆಚ್ಚು ಹಳ್ಳಿಗಳಿಗೆ ಆಪ್ಟಿಕಲ್ ಫೈಬರ್ ಅಂತ. ಕೊರೊನಾ ಕಾಲ ಅದು. ಮಕ್ಕಳು ಗುಡ್ಡದ ನೆತ್ತಿಯಲ್ಲಿ, ಬಸ್‌ಸ್ಟಾಪಿನಲ್ಲಿ, ಮರದ ಕೆಳಗೆ ಕೂತು ಆನ್‌ಲೈನ್ ಕ್ಲಾಸ್ ಕೇಳುತ್ತಿದ್ದ ಹೊತ್ತು. ಮರುವರ್ಷದ ಮಳೆಗಾಲದಲ್ಲಿ ಸುಳ್ಯ ತಾಲೂಕಿನಿಂದ ಒಂದು ಫೋಟೋ ಬಂದಿತ್ತು, ನಿಮಗೂ ನೆನಪಿರಬಹುದು. ಸುರಿವ ಮಳೆಯಲ್ಲಿ ರಸ್ತೆ ಬದಿ ಕೂತು ಪಾಠ ಕೇಳುವ ಹುಡುಗಿ, ಕೊಡೆ ಹಿಡಿದು ನಿಂತ ಅಪ್ಪ. ಇಡೀ ರಾಜ್ಯ ಅದನ್ನು ಹಂಚಿಕೊಂಡು ಮರುಗಿತು. ನಮ್ಮ ಕಡೆ ಅದು ಫೋಟೋ ತೆಗೆಯುವಂಥ ದೊಡ್ಡ ವಿಷಯವೇ ಆಗಿರಲಿಲ್ಲ, ಅಷ್ಟು ಮಾಮೂಲು.

ಆ 1000 ದಿನ ಯಾವಾಗ ಮುಗಿಯಿತು ಅಂತ ಸುಮ್ನೆ ಕ್ಯಾಲೆಂಡರ್ ಹಿಡಿದು ಲೆಕ್ಕ ಹಾಕಿದೆ. 2023ರ ಮೇ 12. ಆವತ್ತು ಕರ್ನಾಟಕದಲ್ಲಿ ಯಾರಿಗೂ ಅದರ ಪರಿವೆ ಇರಲಿಲ್ಲ. ವಿಧಾನಸಭೆಗೆ ವೋಟು ಹಾಕಿ ಎರಡು ದಿನ ಆಗಿತ್ತು, ಎಣಿಕೆ ಮರುದಿನ ಇತ್ತು. ಮೂರು ತಿಂಗಳು ಕಳೆದ ಮೇಲೆ, ಆಗಸ್ಟ್‌ನಲ್ಲಿ, ಸಂಪುಟ ಪರಿಷ್ಕೃತ ಭಾರತ್‌ನೆಟ್‌ಗೆ ಒಪ್ಪಿಗೆ ಕೊಟ್ಟಿತು. ಈ ಸಲ 1,39,579 ಕೋಟಿ ರೂಪಾಯಿ. 20 ಸಾವಿರ ಕೋಟಿಯಿಂದ ಶುರುವಾದದ್ದು ಎಲ್ಲಿಗೆ ಬಂತು ನೋಡಿ. ಪಂಚಾಯಿತಿ ಇಲ್ಲದ ಹಳ್ಳಿಗಳಿಗೆ ಬೇಡಿಕೆ ಬಂದರೆ ಕೊಡುತ್ತೇವೆ ಅನ್ನುವ ಮಾತೂ ಅದರಲ್ಲಿದೆ. ಕೆಂಪುಕೋಟೆಯಿಂದ ಕೇಳಿಸಿದ್ದು "ಬೇಡಿಕೆ ಬಂದರೆ" ಅಂತ ಇರಲಿಲ್ಲ ಅಲ್ವಾ.

ಈಗ ಮೇಲಿನ ಹೊಸ ಗುರಿಯನ್ನು ಮತ್ತೊಮ್ಮೆ ಓದಿ. 1000 ದಿನದಲ್ಲಿ 6 ಲಕ್ಷ ಹಳ್ಳಿ ಅಂದದ್ದು ಈಗ 2030ಕ್ಕೆ 2.7 ಲಕ್ಷ ಹಳ್ಳಿ ಆಗಿದೆ. ಗುರಿ ಅರ್ಧಕ್ಕಿಂತ ಕೆಳಗಿಳಿಯಿತು, ಗಡುವು ಏಳು ವರ್ಷ ಮುಂದೆ ಹೋಯಿತು. ಆದರೂ ಅದು ಹೊಸ ಘೋಷಣೆ.

ಯಾವ ಪಕ್ಷದ್ದು ತಪ್ಪು ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ. ಶುರು ಮಾಡಿದವರು ಒಬ್ಬರು, ಮುಂದುವರಿಸಿದವರು ಇನ್ನೊಬ್ಬರು, ಗಡುವು ತಪ್ಪಿಸಿದವರು ಇಬ್ಬರೂ. ನಮ್ಮ ರಾಜ್ಯದವರೇನು ಕಡಿಮೆ? 2014ರಲ್ಲಿ ಬೆಂಗಳೂರಿನ ಎಂಜಿ ರಸ್ತೆ, ಬ್ರಿಗೇಡ್ ರಸ್ತೆಯಲ್ಲಿ "ನಮ್ಮ ವೈಫೈ" ಶುರುವಾದಾಗ ಪೇಪರ್ ತುಂಬ ಅದೇ ಸುದ್ದಿ. ಈಗ ಹೋಗಿ ಹುಡುಕಿ, ಸಿಕ್ಕರೆ ನನಗೂ ಹೇಳಿ.

ನಿಜವಾದ ವಿಷಯ ಇರುವುದು ಎಣಿಕೆಯಲ್ಲಿ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಭಾರತ್‌ನೆಟ್ ಅಂದರೆ ಏನು? ತಾಲೂಕು ಕೇಂದ್ರದ ಟೆಲಿಫೋನ್ ಎಕ್ಸ್‌ಚೇಂಜಿನಿಂದ ಗ್ರಾಮ ಪಂಚಾಯಿತಿ ಕಚೇರಿವರೆಗೆ ಫೈಬರ್ ಎಳೆಯುವುದು. ಅಲ್ಲಿ ಒಂದು ಪೆಟ್ಟಿಗೆ, ಅದಕ್ಕೆ ಬ್ಯಾಟರಿ, ಕೆಲವು ಕಡೆ ಸೋಲಾರ್ ಪ್ಯಾನೆಲ್. ಪೆಟ್ಟಿಗೆಯಲ್ಲಿ ದೀಪ ಹತ್ತಿತು ಅಂದರೆ ಆ ಪಂಚಾಯಿತಿ "ಸರ್ವಿಸ್ ರೆಡಿ". ದೆಹಲಿಯ ಪಟ್ಟಿಯಲ್ಲಿ ಒಂದು ಸಂಖ್ಯೆ ಏರಿತು. ಹೀಗೆ ಏರಿ ಏರಿ 2 ಲಕ್ಷ ದಾಟಿದೆ. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಪಂಚಾಯಿತಿ ಕಚೇರಿಯಿಂದ ಮನೆಗೆ ಯಾರು ಎಳೆಯಬೇಕು? ಶುರುವಿನ ಯೋಜನೆಯಲ್ಲಿ ಅದಕ್ಕೆ ಗಟ್ಟಿ ಉತ್ತರವೇ ಇರಲಿಲ್ಲ. ಖಾಸಗಿಯವರು ಬರುತ್ತಾರೆ, ಕೇಬಲ್‌ನವರು ಬಾಡಿಗೆಗೆ ತೆಗೆದುಕೊಳ್ಳುತ್ತಾರೆ ಅಂತ ಅಂದಾಜು. ಊರಿಗೆ ಓವರ್‌ಹೆಡ್ ಟ್ಯಾಂಕ್ ಕಟ್ಟಿ, ಪೈಪ್ ಹಾಕದೆ, ನೀರು ಕೊಟ್ಟಾಯಿತು ಅಂತ ಬೋರ್ಡ್ ಹಾಕಿದ ಹಾಗೆ.

ಅದೂ ಮಲೆನಾಡಿನಲ್ಲಿ. ಬಯಲುಸೀಮೆಯಲ್ಲಿ ಊರು ಅಂದರೆ ಮನೆಗೆ ಮನೆ ತಾಗಿಕೊಂಡಿರುತ್ತದೆ. ನಮ್ಮಲ್ಲಿ ಒಂದು ಪಂಚಾಯಿತಿಗೆ ನಾಲ್ಕೈದು ಹಳ್ಳಿ. ಒಂದೊಂದು ಹಳ್ಳಿಯೂ ಗುಡ್ಡಕ್ಕೊಂದು, ಕಣಿವೆಗೊಂದು ಮನೆಯಾಗಿ ಚದುರಿಕೊಂಡಿರುತ್ತದೆ. ಪಂಚಾಯಿತಿ ಕಟ್ಟಡಕ್ಕೆ ಫೈಬರ್ ಬಂದರೆ ಅದರ ಎದುರಿನ ಜೆರಾಕ್ಸ್ ಅಂಗಡಿಗೆ ಅನುಕೂಲ. ನಮಗೆ ಅಲ್ಲಿಂದ ಇನ್ನೂ ಕಿಲೋಮೀಟರ್‌ಗಟ್ಟಲೆ ಕಾಡು, ಹಳ್ಳ, ತೋಟ ದಾಟಬೇಕು.

2011ರಲ್ಲಿ ಹೇಳಿದ ಆ 100 ಎಂಬಿಪಿಎಸ್ ಲೆಕ್ಕವನ್ನೂ ನೋಡಿ. ಅದು ಮನೆಗಲ್ಲ, ಇಡೀ ಪಂಚಾಯಿತಿಗೆ. ಅದರಲ್ಲೇ ಕಚೇರಿ, ಶಾಲೆ, ಆಸ್ಪತ್ರೆ, ಅಂಚೆ ಕಚೇರಿ. ಉಳಿದದ್ದನ್ನು ನೂರು ಮನೆಗೆ ಹಂಚಿದರೂ ಒಂದು ಮನೆಗೆ ಒಂದು ಎಂಬಿಪಿಎಸ್ ಸಿಗುವುದಿಲ್ಲ. ಎಲ್ಲರೂ ಒಟ್ಟಿಗೆ ಬಳಸುವುದಿಲ್ಲ, ಆದ್ದರಿಂದ ಸ್ವಲ್ಪ ಜಾಸ್ತಿ ಸಿಗುತ್ತದೆ, ನಿಜ. ಈ ಹಂಚಿಕೆಗೆ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ ಒಂದು ನಿಯಮವೂ ಇದೆ. 2009ರಲ್ಲಿ ಅದು ಕೊಟ್ಟ ಸೂಚನೆ ಪ್ರಕಾರ ಮನೆ ಬ್ರಾಡ್‌ಬ್ಯಾಂಡ್‌ನಲ್ಲಿ ಒಂದೇ ಸಾಮರ್ಥ್ಯವನ್ನು 50 ಜನಕ್ಕೆ ಹಂಚಬಹುದು. ಅಂದರೆ ಪ್ಯಾಂಪ್ಲೆಟ್‌ನಲ್ಲಿ 100 ಅಂತ ಬರೆದದ್ದು, ರಾತ್ರಿ ಎಂಟಕ್ಕೆ ಊರೆಲ್ಲ ಕ್ರಿಕೆಟ್ ಹಾಕಿಕೊಂಡು ಕೂತಾಗ ಎಷ್ಟಾಗುತ್ತದೆ ಅನ್ನುವುದು ಬೇರೆ ಕಥೆ.

ಇನ್ನು ಬ್ರಾಡ್‌ಬ್ಯಾಂಡ್ ಅಂದರೆ ಎಷ್ಟು ವೇಗ? 2004ರ ನೀತಿಯಲ್ಲಿ 256 ಕೆಬಿಪಿಎಸ್, ಅಂದರೆ ಒಂದು ಎಂಬಿಪಿಎಸ್‌ನ ಕಾಲುಭಾಗದಷ್ಟು. ಹಳಬರಿಗೆ ನೆನಪಿರುತ್ತದೆ, ಆಗ ಬಿಎಸ್‌ಎನ್‌ಎಲ್‌ನ 500 ರೂಪಾಯಿ ಪ್ಲಾನಿನಲ್ಲಿ ರಾತ್ರಿ 2ರಿಂದ ಬೆಳಗ್ಗೆ 8ರವರೆಗೆ ಡೌನ್‌ಲೋಡ್ ಫ್ರೀ ಇತ್ತು. ಅಲಾರಾಂ ಇಟ್ಟು ಎದ್ದು ಡೌನ್‌ಲೋಡ್‌ಗೆ ಹಾಕಿ ಮತ್ತೆ ಮಲಗುತ್ತಿದ್ದೆವು. 2013ರಲ್ಲಿ ಆ ಕನಿಷ್ಠ ವೇಗ 512 ಕೆಬಿಪಿಎಸ್ ಆಯಿತು. 2 ಎಂಬಿಪಿಎಸ್ ಆದದ್ದು 2023ರ ಜನವರಿಯಲ್ಲಿ. ಪ್ರತಿಯೊಬ್ಬರಿಗೂ 50 ಎಂಬಿಪಿಎಸ್ ಕೊಡುತ್ತೇವೆ ಅಂದಿದ್ದ 2022 ಮುಗಿದ ಮರುತಿಂಗಳೇ, 2 ಎಂಬಿಪಿಎಸ್ ಇದ್ದರೆ ಅದು ಬ್ರಾಡ್‌ಬ್ಯಾಂಡ್ ಅಂತ ಗೆಜೆಟ್ ಹೊರಡಿಸಿದರು. 2 ಕನಿಷ್ಠ ಮಟ್ಟ, 50 ಗುರಿ, ಎರಡೂ ಬೇರೆ ಅನ್ನಬಹುದು. ಅನ್ನಿ. ಆದರೆ "ದೇಶದಲ್ಲಿ ಇಷ್ಟು ಕೋಟಿ ಬ್ರಾಡ್‌ಬ್ಯಾಂಡ್ ಗ್ರಾಹಕರು" ಅಂತ ಭಾಷಣದಲ್ಲಿ ಬರುವ ಸಂಖ್ಯೆ ಈ ಕನಿಷ್ಠ ಮಟ್ಟದ್ದೇ. 2024ರ ಕೊನೆಗೆ ಆ ಸಂಖ್ಯೆ 94 ಕೋಟಿಯ ಆಸುಪಾಸು ಇತ್ತು. ಅದರಲ್ಲಿ ಮನೆಗೋ ಆಫೀಸಿಗೋ ತಂತಿಯಲ್ಲಿ ಬರುವುದು ಬರೀ 4 ಕೋಟಿ ಚಿಲ್ಲರೆ. ಉಳಿದದ್ದು ಹೆಚ್ಚುಕಮ್ಮಿ ಎಲ್ಲವೂ ಮೊಬೈಲ್ ಸಿಮ್. ಗುಡ್ಡ ಹತ್ತಿ ಸಿಗ್ನಲ್ ಹುಡುಕುವ ನನ್ನ ತಂಗಿಯ ಫೋನೂ ಆ 94 ಕೋಟಿಯಲ್ಲಿ ಒಂದು. ದೇಶದಲ್ಲಿ 2011ರ ಜನಗಣತಿಯ ಹೊತ್ತಿಗೇ ಸುಮಾರು 25 ಕೋಟಿ ಕುಟುಂಬಗಳಿದ್ದವು. ಅರ್ಧದಷ್ಟು ಮನೆಗೆ ತಂತಿ ಅಂದರೆ ಆ ಹಳೇ ಲೆಕ್ಕದಲ್ಲೂ 12 ಕೋಟಿ ಮೀರಬೇಕು. 4 ಎಲ್ಲಿ, 12 ಎಲ್ಲಿ.

ದುಡ್ಡಿಲ್ಲ ಅನ್ನುವ ಹಾಗೂ ಇಲ್ಲ. ನಾವು ರೀಚಾರ್ಜ್ ಮಾಡಿದಾಗಲೆಲ್ಲ ಟೆಲಿಕಾಂ ಕಂಪನಿಗಳ ಆದಾಯದ ಶೇಕಡಾ 5ರಷ್ಟು ಹಳ್ಳಿ ಸಂಪರ್ಕದ ನಿಧಿಗೆ ಹೋಗುತ್ತದೆ. ಮೊದಲು ಯುಎಸ್‌ಒ ನಿಧಿ ಅನ್ನುತ್ತಿದ್ದರು, 2024ರಿಂದ ಡಿಜಿಟಲ್ ಭಾರತ್ ನಿಧಿ. ಕೊನೆಗೆ ಆ ಹಣ ಬರುವುದು ನಮ್ಮ ಜೇಬಿನಿಂದಲೇ ತಾನೆ. ಪ್ಯಾಕ್ ಮುಗಿದ ಮೇಲೆ ಅವಸರದಲ್ಲಿ 299 ಹಾಕಿಸುವ ಕೂಲಿಯವನೂ ಇದಕ್ಕೆ ಪಾಲು ಕೊಡುತ್ತಿದ್ದಾನೆ. ಅದು ಅವನಿಗೆ ಗೊತ್ತೇ ಇಲ್ಲ.

ಹಾಗಾದರೆ ಸಿಕ್ಕಿಕೊಂಡಿರುವುದು ಎಲ್ಲಿ? ನನ್ನ ಕಣ್ಣಿಗೆ ಬಿದ್ದಷ್ಟು ಹೇಳುತ್ತೇನೆ.

ಫೈಬರ್ ಎಳೆಯುವುದು ಒಂದು ಸಲದ ಕೆಲಸ. ಅದಕ್ಕೆ ಟೆಂಡರ್ ಇದೆ, ಬಿಲ್ ಇದೆ, ಉದ್ಘಾಟನೆ ಇದೆ. ಆಮೇಲೆ ಅದನ್ನು ನೋಡಿಕೊಳ್ಳುವುದು ದಿನದಿನದ ಕೆಲಸ, ಅದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ಮೊದಲ ಹಂತದಲ್ಲಿ ಹಲವು ಪಂಚಾಯಿತಿಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿದ್ದರು. ತಾಲೂಕಿನಿಂದ ಹೊರಟ ತಂತಿ ಒಂದು ಊರು ಮುಟ್ಟಿ, ಅಲ್ಲಿಂದ ಮುಂದಿನ ಊರು, ಅಲ್ಲಿಂದ ಮತ್ತೊಂದು. ನಡುವೆ ಎಲ್ಲಾದರೂ ತುಂಡಾದರೆ ಆಚೆಯ ಊರುಗಳೆಲ್ಲ ಕತ್ತಲು. ಈಗಿನ ಹೊಸ ಯೋಜನೆಯಲ್ಲಿ ಉಂಗುರದ ಹಾಗೆ ಸುತ್ತಿ ತರುತ್ತಾರಂತೆ. ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ಬರುತ್ತದೆ. ಹತ್ತು ವರ್ಷ ನಿರ್ವಹಣೆಯೂ ಗುತ್ತಿಗೆಯವರ ಹೊಣೆ. ಇದು ನಿಜವಾಗಿಯೂ ಒಳ್ಳೆಯ ಬದಲಾವಣೆ, ಒಪ್ಪುತ್ತೇನೆ. ಹೊಸ ಮಿಷನ್‌ನಲ್ಲಿ ಇನ್ನೊಂದು ಮಾತು ಇದೆ. ಹಳ್ಳಿಗೆ ಫೈಬರ್ ಬಂದರಷ್ಟೇ ಸಾಲದು, ಶೇಕಡಾ 95ರಷ್ಟು ಸಮಯ ಅದು ಚಾಲೂ ಇರಬೇಕು ಅಂತ. ಎಳೆದ ತಂತಿ ಬಿಟ್ಟು ನಡೆಯುವ ತಂತಿಯನ್ನು ಎಣಿಸುತ್ತೇವೆ ಅಂದದ್ದು ನನಗೆ ಹಿಡಿಸಿತು. ಬಹುಶಃ ಅದಕ್ಕೇ ಗುರಿ 6 ಲಕ್ಷದಿಂದ 2.7ಕ್ಕೆ ಇಳಿದಿರಬೇಕು. ಶೇಕಡಾ 95 ಅಂದರೂ ವರ್ಷಕ್ಕೆ 18 ದಿನ ಬಂದ್ ಇರಬಹುದು ಅನ್ನುವುದು ಬೇರೆ ಮಾತು. ನನ್ನ ಅನುಭವದಲ್ಲಿ ಆ ದಿನಗಳು 20ನೇ ತಾರೀಕಿನ ಆಸುಪಾಸಿನಲ್ಲೇ ಬರುತ್ತವೆ.

ತುಂಡಾಗುವುದು ಹೇಗೆ ಅಂತ ಬೆಂಗಳೂರಿನವರು ಕೇಳುತ್ತಾರೆ. ಜೂನ್ ಮೊದಲ ಗಾಳಿಮಳೆಗೆ ಕೊಂಬೆ ಮುರಿದು ಬೀಳುತ್ತದೆ. ಮಂಗಗಳು ತಂತಿ ಹಿಡಿದು ಜೋತಾಡುತ್ತವೆ. ಆದರೆ ಇವೆರಡಕ್ಕಿಂತ ದೊಡ್ಡ ವೈರಿ ಜೆಸಿಬಿ. ಮನೆಮನೆಗೆ ನಲ್ಲಿ ಹಾಕಲು ರಸ್ತೆ ಬದಿ ಅಗೆಯುತ್ತಾರೆ. ನೀರಿನ ಪೈಪ್ ಹೋಗಬೇಕಾದ ಜಾಗದಲ್ಲೇ ಫೈಬರ್ ಇರುತ್ತದೆ. ನೆಲದಡಿ ಏನಿದೆ ಅಂತ ಜೆಸಿಬಿ ಓಡಿಸುವ ಹುಡುಗನಿಗೆ ಯಾರೂ ಹೇಳಿರುವುದಿಲ್ಲ. ಬಕೆಟ್ಟಿನ ಹಲ್ಲಿಗೆ ಕಪ್ಪು ತಂತಿ ಸಿಕ್ಕಿ ಮೇಲೆ ಬಂದಾಗಲೇ ಅವನಿಗೂ ಗೊತ್ತಾಗುವುದು. ಒಂದು ಸರ್ಕಾರಿ ಕೆಲಸ ಇನ್ನೊಂದು ಸರ್ಕಾರಿ ಕೆಲಸವನ್ನು ಕಿತ್ತು ಹಾಕಿತು ಅಂದರೆ ದೂರು ಯಾರಿಗೆ ಕೊಡಬೇಕು ಹೇಳಿ.

ತುಂಡಾದಾಗ ಮನೆಯಲ್ಲಿ ಕಾಣಿಸುವುದು ಇಷ್ಟೇ. ಮೋಡೆಮ್‌ನಲ್ಲಿ ಎಲ್‌ಒಎಸ್ ಅಂತ ಬರೆದ ಪುಟ್ಟ ದೀಪ ಕೆಂಪಾಗಿ ಮಿಣುಕುತ್ತದೆ. ನಮ್ಮ ಕಡೆ ಮಕ್ಕಳಿಗೂ ಅದು ಗೊತ್ತು, "ಅಪ್ಪಾ, ಕೆಂಪು ಬಂತು" ಅನ್ನುತ್ತಾರೆ. ಟೋಲ್ ಫ್ರೀ ನಂಬರ್‌ಗೆ ಮಾಡಿದರೆ ಹಿಂದಿಯಲ್ಲಿ ಮೋಡೆಮ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ. ಅವರು ಕೂತ ಜಾಗಕ್ಕೆ ಮುರಿದ ಕೊಂಬೆ ಕಾಣುವುದಿಲ್ಲವಲ್ಲ. ನಿಜವಾಗಿ ಸರಿಮಾಡುವವನು ಲೋಕಲ್ ಕೇಬಲ್ ಹುಡುಗ. ಬೈಕಿನ ಹಿಂದೆ ಏಣಿ ಕಟ್ಟಿಕೊಂಡು, ಬೆನ್ನಿಗೆ ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಮೆಷಿನ್ ಹಾಕಿಕೊಂಡು ಬರುತ್ತಾನೆ.

ಅವನ ಕೆಲಸ ಒಮ್ಮೆ ಹತ್ತಿರ ನಿಂತು ನೋಡಬೇಕು ನೀವು. ಕಪ್ಪು ಹೊದಿಕೆ ಸುಲಿದು, ಒಳಗಿನ ಬಣ್ಣದ ಸಿಪ್ಪೆಯನ್ನೂ ತೆಗೆದರೆ ಸಿಗುವುದು ಕೂದಲೆಳೆಯಷ್ಟು ತೆಳ್ಳಗಿನ ಗಾಜು. ಅದನ್ನು ಸ್ಪಿರಿಟ್ ಹಚ್ಚಿದ ಟಿಶ್ಯೂನಿಂದ ಒರೆಸುತ್ತಾನೆ. ತುದಿಯನ್ನು ಕ್ಲೀವರ್‌ನಲ್ಲಿಟ್ಟು ನೇರವಾಗಿ ಕತ್ತರಿಸುತ್ತಾನೆ. ಎರಡೂ ತುದಿಗಳನ್ನು ಮೆಷಿನ್ ಒಳಗಿಟ್ಟು ಮುಚ್ಚಿದರೆ ಸ್ಕ್ರೀನಿನ ಮೇಲೆ ಎರಡು ಗೆರೆ ಎದುರುಬದುರು ಬಂದು ನಿಲ್ಲುತ್ತವೆ. ಚಟ್ ಅಂತ ಒಂದು ಕಿಡಿ, ಎರಡು ಗೆರೆ ಒಂದಾಗುತ್ತವೆ. ಸ್ಕ್ರೀನಿನಲ್ಲಿ ಬೆಳಕಿನ ನಷ್ಟ 0.02 ಡಿಬಿ ಅಂತ ಬಂದರೆ ಜೋಡಣೆ ಚೆನ್ನಾಗಿದೆ ಅಂತ ಅರ್ಥ. ಮಳೆ ಹನಿ ಬೀಳದ ಹಾಗೆ ಯಾರಾದರೂ ಕೊಡೆ ಹಿಡಿಯಬೇಕು, ಆ ಕೆಲಸ ಸಾಮಾನ್ಯವಾಗಿ ನನ್ನದು. ಆಮೇಲೆ ಮನೆಗೆ ಬಂದು, ಬೆಳಕು ಎಷ್ಟು ಬರುತ್ತಿದೆ ಅಂತ ಮೀಟರ್ ಹಚ್ಚಿ ನೋಡುತ್ತಾನೆ. ಮೈನಸ್ 20ರ ಆಸುಪಾಸಿದ್ದರೆ ಅವನ ಮುಖ ಅರಳುತ್ತದೆ. ಮೈನಸ್ 27 ದಾಟಿದರೆ "ಅಣ್ಣ, ಇನ್ನೆಲ್ಲೋ ಬೆಂಡ್ ಆಗಿದೆ" ಅಂತ ಮತ್ತೆ ಏಣಿ ಹೆಗಲಿಗೇರಿಸುತ್ತಾನೆ. 1.39 ಲಕ್ಷ ಕೋಟಿಯ ಯೋಜನೆ ಕೊನೆಗೆ ನಿಂತಿರುವುದು ಇಂಥ ಹುಡುಗರ ಮೇಲೆ. ಅವರಿಗೆ ಸಿಗುವ ಸಂಬಳ ಎಷ್ಟು ಅಂತ ಕೇಳಿದರೆ ನಿಮಗೆ ಬೇಜಾರಾಗುತ್ತದೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿಯದೂ ತಪ್ಪಿಲ್ಲ, ಪೂಜಾರಿಯನ್ನು ನೇಮಿಸಿಯೇ ಇರಲಿಲ್ಲ. 2021ರಲ್ಲಿ ಕರ್ನಾಟಕವೂ ಸೇರಿ 16 ರಾಜ್ಯಗಳಲ್ಲಿ ಖಾಸಗಿಯವರ ಪಾಲುದಾರಿಕೆಯಲ್ಲಿ ಈ ಕೆಲಸ ಮಾಡಿಸುತ್ತೇವೆ ಅಂತ ಸಂಪುಟ ತೀರ್ಮಾನ ಮಾಡಿತು. 19 ಸಾವಿರ ಕೋಟಿಯ ನೆರವು ಬೇರೆ. ಟೆಂಡರ್ ಕರೆದರು. ಯಾರೂ ಬರಲಿಲ್ಲ, ಮರುವರ್ಷ ಟೆಂಡರ್ ರದ್ದಾಯಿತು. ಲಾಭ ಇರುವ ಕಡೆ ಅವರು ಆಗಲೇ ತಂತಿ ಎಳೆದಾಗಿತ್ತು. ಹಳ್ಳಿಯಲ್ಲಿ ಒಂದು ಕಿಲೋಮೀಟರ್ ಎಳೆದರೆ ಸಿಗುವುದು ಮೂರು ಮನೆ. ಅವರಾದರೂ ಏನು ಮಾಡಿಯಾರು. ಆದರೆ ಇದು ಕಾಗದದ ಮೇಲೆ ಲೆಕ್ಕ ಹಾಕಿದ್ದರೆ ಮೊದಲೇ ಗೊತ್ತಾಗುತ್ತಿತ್ತು.

ಈ ರೋಗ ನಮಗೆ ಮಾತ್ರ ಅಂತ ತಿಳಿಯಬೇಡಿ. ಆಸ್ಟ್ರೇಲಿಯಾದಲ್ಲಿ 2009ರಲ್ಲಿ 100ಕ್ಕೆ 90 ಮನೆಗಳಿಗೆ ಫೈಬರ್ ಕೊಡುತ್ತೇವೆ ಅಂದರು. 2013ರಲ್ಲಿ ಸರ್ಕಾರ ಬದಲಾಗಿ, ಫೈಬರ್ ಬೀದಿವರೆಗೆ ಸಾಕು, ಅಲ್ಲಿಂದ ಹಳೇ ತಾಮ್ರದ ತಂತಿಯೇ ಇರಲಿ ಅಂದರು. ಈಗ ಅದನ್ನೇ ಕಿತ್ತು ಮತ್ತೆ ಫೈಬರ್ ಹಾಕುತ್ತಿದ್ದಾರೆ. ಬ್ರಿಟನ್ನಿನಲ್ಲಿ 2025ಕ್ಕೆ ಎಲ್ಲರಿಗೂ ಅಂದದ್ದು 85 ಪರ್ಸೆಂಟ್‌ಗೆ ಇಳಿಯಿತು, ಉಳಿದದ್ದು 2030ಕ್ಕೆ ಹೋಯಿತು. ಹತ್ತಿರದಲ್ಲೇ ಕೇರಳ ಇದೆ. ಇಂಟರ್ನೆಟ್ ಮೂಲಭೂತ ಹಕ್ಕು ಅಂತ ಘೋಷಿಸಿ, 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಕೊಡುತ್ತೇವೆ ಅಂದು, 2023ರ ಜೂನ್‌ನಲ್ಲಿ ಕೆ-ಫೋನ್ ಅನ್ನುವ ತಮ್ಮ ಫೈಬರ್ ಜಾಲವನ್ನು ಉದ್ಘಾಟನೆ ಮಾಡಿದಾಗ ಮೊದಲ ಹಂತದಲ್ಲಿ ಇಟ್ಟುಕೊಂಡಿದ್ದು 14 ಸಾವಿರ ಮನೆ. ಆದರೂ ಕೇರಳದವರ ಬಗ್ಗೆ ಸ್ವಲ್ಪ ಹೊಟ್ಟೆಕಿಚ್ಚು ಇದೆ ನನಗೆ. ಅವರ ಲೆಕ್ಕದಲ್ಲಿ ಕನಿಷ್ಠ "ಮನೆ" ಅನ್ನುವುದು ಇದೆ, ಎಷ್ಟು ಮನೆ ಅಂತ ಜನ ಕೇಳುತ್ತಾರೆ, ವಿರೋಧ ಪಕ್ಷ ಕೇಳುತ್ತದೆ.

ನಮ್ಮಲ್ಲೂ ಕೇಳಿದವರಿದ್ದಾರೆ. ಕೊರೊನಾ ಆದ ಮೇಲೆ ಮಲೆನಾಡಿನ ಊರುಗಳಲ್ಲಿ "ನೋ ನೆಟ್‌ವರ್ಕ್, ನೋ ವೋಟಿಂಗ್" ಅಂತ ಬ್ಯಾನರ್ ಕಟ್ಟಿದ್ದರು. ರಸ್ತೆ, ಸೇತುವೆಗೆ ಬಹಿಷ್ಕಾರ ಹಾಕುವುದು ನಮಗೆ ಹಳೆಯದು, ನೆಟ್‌ವರ್ಕ್‌ಗೆ ಹಾಕಿದ್ದು ಹೊಸದು. ಅಧಿಕಾರಿಗಳು ಬಂದರು, ಭರವಸೆ ಕೊಟ್ಟರು. ಕೆಲವು ಕಡೆ ಟವರ್ ಬಂತು. ಬಂದ ಟವರಿಗೆ ಕರೆಂಟ್ ಹೋದಾಗ ಡೀಸೆಲ್ ಹಾಕುವವರಿಲ್ಲ, ಅದು ಮತ್ತೆ ಇನ್ನೊಂದು ಕಥೆ.

ಇಷ್ಟೆಲ್ಲ ಬರೆದವನ ಮನೆಯಲ್ಲಿ ಈಗ ಫೈಬರ್ ಇದೆ, ಅದನ್ನೂ ಹೇಳಬೇಕು. 2030ರವರೆಗೆ ಕಾದು ಬಂದದ್ದಲ್ಲ. ನಮ್ಮ ಕೇರಿಯ ಆರು ಮನೆಯವರು ಸೇರಿ, ಕಂಬಕ್ಕೆ ನಮ್ಮ ತೋಟದ ಅಡಿಕೆ ದಬ್ಬೆಯನ್ನೇ ಕೊಟ್ಟು, ಕೇಬಲಿನ ದುಡ್ಡು ಹಂಚಿಕೊಂಡು, ಪೇಟೆಯ ಕೇಬಲ್‌ನವರ ಹತ್ತಿರ ಎಳೆಸಿಕೊಂಡದ್ದು. ಪ್ಯಾಂಪ್ಲೆಟ್‌ನಲ್ಲಿರುವ ವೇಗ ಬೆಳಗಿನ ಜಾವ ಬರುತ್ತದೆ. ಸಂಜೆ ಅದರ ಅರ್ಧ. ನನ್ನ ಕೆಲಸಕ್ಕೆ ಸಾಕು. ಆಶ್ಚರ್ಯ ಅಂದರೆ ನಾಳೆ ಯಾವುದಾದರೂ ಪಟ್ಟಿಯಲ್ಲಿ ನಮ್ಮ ಊರು "ಫೈಬರ್ ಸಂಪರ್ಕಿತ ಗ್ರಾಮ" ಅಂತ ಸೇರಬಹುದು, ಯಾರಿಗೆ ಗೊತ್ತು.

ಮೊನ್ನೆ ಹೊಳೆಯಾಚೆಯ ಮನೆಯ ಅಣ್ಣ ಕೇಳಿದರು, "ಸರ್ಕಾರದ್ದು ಬರ್ತದೆ ಅಂತಾರಲ್ಲ, ಅಲ್ಲೀವರೆಗೆ ಕಾಯಲಾ?" ಅಂತ. ಕಾಯಬೇಡಿ ಅಂದೆ. ಬಂದರೆ ಆಗ ನೋಡಿಕೊಂಡರಾಯಿತು, ಮಗಳ ಪಿಯುಸಿ ಅಷ್ಟು ದಿನ ನಿಲ್ಲುತ್ತದಾ? ಆದರೆ ಯಾರದ್ದೇ ಆಗಲಿ, ಹಾಕಿಸುವ ಮೊದಲು ವೇಗ ಎಷ್ಟು ಅಂತ ಕೇಳಬೇಡಿ, ಕೆಂಪು ದೀಪ ಹತ್ತಿದರೆ ಯಾರು ಬರುತ್ತಾರೆ, ಅವರ ಸ್ವಂತ ನಂಬರ್ ಕೊಡಿ ಅಂತ ಕೇಳಿ. ಮಳೆಗಾಲದಲ್ಲಿ ಒಂದು ಭಾನುವಾರ ಆ ನಂಬರ್‌ಗೆ ಮಾಡಿ ನೋಡಿ, ಎತ್ತುತ್ತಾರಾ ಅಂತ. ವರ್ಷದ ಪ್ಯಾಕ್ ಒಟ್ಟಿಗೆ ಕಟ್ಟಿದರೆ ಒಂದು ತಿಂಗಳು ಫ್ರೀ ಅನ್ನುತ್ತಾರೆ, ಅದಕ್ಕೆ ಬೀಳಬೇಡಿ, ಮೊದಲ ಮಳೆಗಾಲ ಕಳೆಯುವವರೆಗೆ ತಿಂಗಳು ತಿಂಗಳೇ ಕಟ್ಟಿ. ಮೋಡೆಮ್‌ಗೆ ಒಂದು ಮಿನಿ ಯುಪಿಎಸ್ ತಂದಿಡಿ, ಕರೆಂಟ್ ಹೋದರೂ ಮೂರು ತಾಸು ನಡೆಯುತ್ತದೆ. ಹಾಗೇ ಗ್ರಾಮಸಭೆಗೆ ಬನ್ನಿ. ಪಂಚಾಯಿತಿಯ ಆ ಪೆಟ್ಟಿಗೆಯಿಂದ ನಮ್ಮ ಊರಿನ ಎಷ್ಟು ಮನೆಗೆ ಸಂಪರ್ಕ ಹೋಗಿದೆ ಅಂತ ನಾನು ಪಿಡಿಒ ಹತ್ತಿರ ಕೇಳುವವನಿದ್ದೇನೆ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಬೇಕು, ಅದಕ್ಕೆ ಜೊತೆಗೆ ನಾಲ್ಕು ಜನ ಇದ್ದರೆ ಒಳ್ಳೆಯದು.